ಘಮ ಬರುವವರೆಗೆ ಕಡ್ಡಿಪುಡಿ ಇಲ್ಲ

ಹಂಗಳ ಊರಿನ ಆಚೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೋಪಾಲಸ್ವಾಮಿ ಬೆಟ್ಟದ ನೆತ್ತಿಯ ಮಂಜೂ ಕದಲಿಲ್ಲ. ದೊಡ್ಡಮಾದಮ್ಮ ಮಾತ್ರ ದ್ರಾಕ್ಷಿ ಸಾಲಿನಲ್ಲಿ ಒಂದು ಕಡೆ ನಿಲ್ಲುತ್ತಿಲ್ಲ. ಒಂದು ಹಣ್ಣು ಕಿತ್ತು ಬಾಯಿಗೆ ಹಾಕುತ್ತಾರೆ, ಸಿಪ್ಪೆಯನ್ನು ಹಲ್ಲಿನಲ್ಲಿ ಅರೆಯುತ್ತಾರೆ, ಉಗಿಯುತ್ತಾರೆ. ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ವಾಪಸ್ಸು ಬರುತ್ತಾರೆ. ಕವುಚಿ ಹಾಕಿದ ಕ್ರೇಟುಗಳ ಮೇಲೆ ಕತ್ತರಿ ಹಿಡಿದು ಕುಳಿತ ಹೆಂಗಸರು ಅವರ ಮುಖವನ್ನೇ ನೋಡುತ್ತಿದ್ದಾರೆ.

"ಏನ್ ಅಕ್ಕೋ, ಸೀರೆ ಒಳಕ್ಕೆ ಇರುವೆ ಬುಟ್ಕೊಂಡಿದ್ದೀಯಾ?" ಜೊತೆಯ ಕೂಲಿ ಚಿಕ್ಕನಿಂಗಮ್ಮ ಕೆಣಕುತ್ತಾರೆ.

"ಕಡ್ಡಿಪುಡಿ ಬುಟ್ಟು ನೋಡು ಕಣಮ್ಮಿ, ನಿಂಗೂ ಇರುವೆ ಅತ್ತದೆ."

ಇದು ವೈನಿಗೆಂದು ಬೆಳೆಯುವ ಬಿಳಿ ದ್ರಾಕ್ಷಿ. ಹೆಸರು ವಿಯೋನಿಯೆ, ಮೂಲ ಫ್ರಾನ್ಸು. ತೋಟದಲ್ಲಿ ಎಲ್ಲರ ಬಾಯಲ್ಲೂ ಸೆಂಟು ದ್ರಾಕ್ಷಿ. ಬಲು ಸತಾಯಿಸುವ ತಳಿ. ಸಿಹಿ ತುಂಬಿದರೂ ಘಮ ಬಂದಿರುವುದಿಲ್ಲ. ಬಂದರೆ ದಿಢೀರನೆ ಬರುತ್ತದೆ. ಅದಕ್ಕೆ ಮುಂಚೆ ಕಿತ್ತರೆ ಸಪ್ಪೆ ರಸ, ತಡವಾದರೆ ಹುಳಿಯೆಲ್ಲ ಇಳಿದು ಬೆಲ್ಲದ ನೀರು. ಮಾಲೀಕ ಗಂಗಾಧರಸ್ವಾಮಿ ಅವರ ಬಳಿ ಸಿಹಿ ಅಳೆಯುವ ಉಪಕರಣ ಇದೆ. ಘಮಕ್ಕೆ ಮಾತ್ರ ಮನುಷ್ಯರ ಬಾಯಿ, ಮೂಗೇ ಗತಿ. ಅವರಿಗೋ ವರ್ಷವಿಡೀ ನೆಗಡಿ. ಹಾಗಾಗಿ ಸಸಿ ನೆಟ್ಟಂದಿನಿಂದ ಇಲ್ಲೇ ಇರುವ ದೊಡ್ಡಮಾದಮ್ಮನ ಪಾಲಿಗೆ ಆ ಕೆಲಸ ಬಂತು.

ಹೋದ ವರ್ಷ ಆ ಬಾಯಿ ಮೋಸ ಮಾಡಿತು. ಎಲೆಅಡಿಕೆಗೆ ಕಡ್ಡಿಪುಡಿ ಸೇರಿಸಿ ಅಗಿಯುವುದು ಇವರ ಎಳೆಯ ವಯಸ್ಸಿನ ಅಭ್ಯಾಸ. ಆ ತಂಬಾಕಿನ ಖಾರ ನಾಲಿಗೆಯಲ್ಲಿರುವಾಗಲೇ ಹಣ್ಣು ತಿಂದು "ಇನ್ನೂ ಬಂದಿಲ್ಲ" ಅಂದುಬಿಟ್ಟರು. ಘಮ ಬಂದು ಹೋಗಿಯೇ ಬಿಟ್ಟಿತ್ತು. ಹಣ್ಣು ಕೊಳ್ಳುವ ವೈನರಿಯವರು ಮೂಗು ಮುರಿದರು.

"ಬೈಯೋಕೆ ಮನಸ್ಸು ಬರ್ಲಿಲ್ಲ. ಪಕ್ಕದಲ್ಲೇ ನಿಂತು ನಾನೂ ಹೂಂ ಅಂದಿದ್ದೆ" ಎನ್ನುತ್ತಾರೆ ಗಂಗಾಧರಸ್ವಾಮಿ. ಆದರೂ ಈ ಸಲ ತಪ್ಪಿದರೆ ಬಳ್ಳಿ ಕಿತ್ತು ಬಾಳೆ ಹಾಕುವುದೆಂದು ನೆಡುವ ಕಂದುಗಳಿಗೆ ಮುಂಚೆಯೇ ಹೇಳಿಟ್ಟಿದ್ದಾರೆ.

ಬಾಳೆಗೆ ಇಷ್ಟು ಕೈಗಳು ಬೇಡ. ಮೊದಲು ಚೆಂಡುಹೂವಿನ ಹೊಲ, ಈರುಳ್ಳಿ ಹೊಲ ಅಂತ ದಿನಕ್ಕೊಂದು ಕಡೆ ಕೂಲಿಗೆ ಅಲೆಯುತ್ತಿದ್ದ ಈ ಹೆಂಗಸರಿಗೆ ಈ ಬಳ್ಳಿಯೇ ವರ್ಷವಿಡೀ ಕೆಲಸ ಕೊಟ್ಟಿರುವುದು: ಕುಡಿ ಸವರುವುದು, ತಂತಿಗೆ ಕಟ್ಟುವುದು, ಎಲೆ ತೆಗೆದು ಗೊಂಚಲಿಗೆ ಗಾಳಿಯಾಡಿಸುವುದು. ಅದಕ್ಕೇ ಹಣ್ಣು ಬಣ್ಣ ತಿರುಗಿದಾಗಿನಿಂದ ದೊಡ್ಡಮಾದಮ್ಮ ಕಡ್ಡಿಪುಡಿ ಮುಟ್ಟಿಲ್ಲ. ನಿದ್ದೆ ಸರಿಯಿಲ್ಲ, ಮಾತೆತ್ತಿದರೆ ಸಿಡುಕು.

ವೈನು ಕುಡಿದಿದ್ದೀರಾ ಎಂದರೆ ಸೆರಗು ಕೊಡವುತ್ತಾರೆ. "ಒಂದ್ಸಲ ಲೋಟದಲ್ಲಿ ಕೊಟ್ರು. ಮೂಸಿ ಬುಟ್ಟೆ. ನನ್ ಗಂಡ ಕುಡ್ದಿದ್ದೇ ಮೂರು ಜನ್ಮಕ್ಕೆ ಸಾಕು."

ಬೆಟ್ಟದ ಹೆಗಲಿಗೆ ಬಿಸಿಲು ಬೀಳುತ್ತದೆ. ಬಿಸಿಲೇರಿದರೆ ಕೊಯ್ಲಿಲ್ಲ, ಘಮ ಹಾರಿಹೋಗುತ್ತದೆ. ಮಾಲೀಕರು ಗಡಿಯಾರ ನೋಡುತ್ತಾರೆ. ಅಷ್ಟರಲ್ಲಿ ದೊಡ್ಡಮಾದಮ್ಮ ನಿಂತಲ್ಲೇ ನಿಲ್ಲುತ್ತಾರೆ. ಈ ಸಲ ಉಗಿಯುವುದಿಲ್ಲ. ಕಣ್ಣು ಮುಚ್ಚಿ ನುಂಗುತ್ತಾರೆ.

"ಬಾಳೆಲೇಲಿ ಕಟ್ಟಿದ್ ಸಂಪಿಗೆ ಹೂವ ಬಿಚ್ಚಿದಂಗದೆ. ಅಣ್ಣೋರೆ, ಕುಯ್ಸಿ!"

ಕತ್ತರಿಗಳ ಸದ್ದು ಸಾಲಿನುದ್ದಕ್ಕೂ ಹರಿಯುತ್ತದೆ. ಕ್ರೇಟು ತುಂಬಿದ ಗಾಡಿ ಹೊರಟ ಮೇಲೆ ಇವರ ಚಡಪಡಿಕೆ ಮತ್ತೆ ಶುರು. ಬುತ್ತಿ ಬಿಚ್ಚುತ್ತಾರೆ, ಉಣ್ಣುವುದಿಲ್ಲ. ಗೇಟಿನವರೆಗೆ ಹೋಗಿ ಬರುತ್ತಾರೆ.

ಮಧ್ಯಾಹ್ನ ಗಂಗಾಧರಸ್ವಾಮಿ ಅವರ ಫೋನು ಬಡಿದುಕೊಳ್ಳುತ್ತದೆ. ಮಾತಾಡಿ ಮುಗಿಸಿ ಅವರು ದೂರದಿಂದಲೇ ಕೂಗುತ್ತಾರೆ: "ಮಾದಮ್ಮಾ, ವೈನರಿಯವ್ರು ಒಪ್ಕೊಂಡ್ರು! ಬಾಳೆ ಕಂದು ಬೇಡ ಅಂತ ಹೇಳ್ಬಿಡ್ತೀನಿ."

ಚಿಕ್ಕನಿಂಗಮ್ಮ ಸೊಂಟದ ಎಲೆಚೀಲ ಬಿಚ್ಚಿ ಕಡ್ಡಿಪುಡಿ ಮುಂದೆ ಹಿಡಿಯುತ್ತಾರೆ. "ತಕೊಳಕ್ಕೋ, ಇನ್ನಾದ್ರೂ ನಮ್ಮನ್ನ ಉಗಿಯೋದು ಬುಡು."

ದೊಡ್ಡಮಾದಮ್ಮನ ಕೈ ಅರ್ಧದವರೆಗೆ ಹೋಗಿ ನಿಲ್ಲುತ್ತದೆ. ಕಣ್ಣು ತೋಟದ ತಗ್ಗಿನ ಕಡೆ ಹೊರಳುತ್ತದೆ.

"ಕೆಳಗಿನ್ ಸಾಲು ಇನ್ನೂ ಅಂಗೇ ಅದೆ ಕಣಮ್ಮಿ. ನಾಳೀಕೆ ಈ ಬಾಯಿ ಬೇಕಲ್ಲ."