ಕನ್ನಡಿಯೊಳಗಿನ ಮೊಗ್ಗಿನ ಜಡೆ

ವಿಜಯಲಕ್ಷ್ಮಿಯವರ ಅರವತ್ತಮೂರು ವರ್ಷದ ಬದುಕಿನಲ್ಲಿ ಅವರ ತಲೆಯ ಬಗ್ಗೆ ಬಿಟ್ಟಿ ಸಲಹೆ ಕೊಡದವರು ಯಾರಾದರೂ ಇದ್ದರೆ, ಅವರಿಗೆ ಕಣ್ಣು ಕಾಣಿಸುತ್ತಿರಲಿಲ್ಲ ಎಂದೇ ಅರ್ಥ. ಗುಂಗುರು ಕೂದಲು. ಬಾಚಿದರೆ ಪೊದೆ, ಬಾಚದಿದ್ದರೆ ಗೂಡು. ಹರಳೆಣ್ಣೆ ಹಚ್ಚಿ ಎಂದವರುಂಟು, ದಾಸವಾಳದ ಎಲೆ ಅರೆದು ಹಚ್ಚಿ ಎಂದವರುಂಟು. ಹೆಣ್ಣು ನೋಡಲು ಬಂದವರು, "ಹುಡುಗಿ ಲಕ್ಷಣವಾಗಿದ್ದಾಳೆ, ಆದ್ರೆ ಗುಂಗುರು ಕೂದಲಿನೋರಿಗೆ ಹಟ ಜಾಸ್ತಿ ಅಂತಾರಲ್ಲ?" ಎಂದು ಉಪ್ಪಿಟ್ಟು ಮುಗಿಸಿ ಎದ್ದು ಹೋಗಿದ್ದರು. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತೈದು ವರ್ಷ ಕೂತರೂ ಗಿರಾಕಿಗಳು ಅವರ ಹೆಸರು ಕಲಿಯಲಿಲ್ಲ. "ಆ ಗುಂಗುರು ಕೂದಲಿನ ಮೇಡಂ ಹತ್ರ ಹೋಗಿ" ಎನ್ನುತ್ತಿದ್ದರು. ಸಾಕಪ್ಪಾ ಸಾಕು!

ಅವರ ತಾಯಿ ಅಮ್ಮಣ್ಣಿಯಂತೂ ಮಗಳ ಕೂದಲಿನ ಮೇಲೆ ಯುದ್ಧವನ್ನೇ ಸಾರಿದ್ದರು. ಬೋಳಿಸಿದರೆ ಮತ್ತೆ ನೆಟ್ಟಗೆ ಹುಟ್ಟುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ, ಆರು ತುಂಬುವುದರೊಳಗೆ ಮೂರು ಸಲ ತಿರುಪತಿಯಲ್ಲಿ ಮುಡಿ ಕೊಡಿಸಿದರು. ತಿಮ್ಮಪ್ಪ ಮೂರು ಸಲವೂ ಮೊದಲಿಗಿಂತ ಒಂದು ಸುತ್ತು ಹೆಚ್ಚೇ ಸುರುಳಿ ಮಾಡಿ ವಾಪಸು ಕೊಟ್ಟ. "ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ ಹಾಗಾಯ್ತು" ಎಂದು ಅಮ್ಮಣ್ಣಿ ಕೈಚೆಲ್ಲಿದರು.

ಆದರೆ ಜಯನಗರದ ಮನೆಯ ಹಾಲಿನಲ್ಲಿ ತೂಗುವ ಕಪ್ಪುಬಿಳುಪು ಫೋಟೋ ಬೇರೆಯೇ ಕತೆ ಹೇಳುತ್ತದೆ. ಏಳು ವರ್ಷದ ವಿಜಯಲಕ್ಷ್ಮಿ, ರೇಷ್ಮೆ ಲಂಗ, ಹಿಂದೊಂದು ನಿಲುಗನ್ನಡಿ. ಕನ್ನಡಿಯೊಳಗೆ ಮೊಣಕಾಲಿನವರೆಗೆ ಇಳಿದ ಮೊಗ್ಗಿನ ಜಡೆ. ನೋಡಿದವರೆಲ್ಲ, "ಅಬ್ಬಾ, ಇಷ್ಟುದ್ದ ಕೂದಲಿತ್ತಾ ನಿಮಗೆ?" ಎನ್ನುತ್ತಾರೆ. ವಿಜಯಲಕ್ಷ್ಮಿ ಐವತ್ತಾರು ವರ್ಷದಿಂದ "ಹೂಂ" ಎನ್ನುತ್ತಲೇ ಬಂದಿದ್ದಾರೆ. ದಿನವೂ ತಲೆ ತಿನ್ನುವ ಜನಕ್ಕೆ ಅದೊಂದಾದರೂ ಉತ್ತರ ಇರಲಿ ಎಂದು.

ಆ "ಹೂಂ" ಈಗ ಕುತ್ತಿಗೆಗೆ ಬಂದಿತ್ತು. ಮೊಮ್ಮಗಳು ಮಧುಶ್ರೀಗೆ ಒಂಬತ್ತು ವರ್ಷ, ತಲೆ ಥೇಟ್ ಅಜ್ಜಿಯದೇ. ಭಾನುವಾರ ಅವಳ ಸೋದರಮಾವ ಪ್ರಮೋದನ ಮದುವೆ. ಅವಳಿಗೂ ಮೊಗ್ಗಿನ ಜಡೆ ಹಾಕಿಸಿ, ಕನ್ನಡಿ ಮುಂದೆ ಫೋಟೋ ತೆಗೆಸಬೇಕಂತೆ. ಅದಕ್ಕೆ ಶುಕ್ರವಾರ ಪಾರ್ಲರಿನಲ್ಲಿ ಕೂದಲು ನೆಟ್ಟಗೆ ಮಾಡಿಸಲು ಸೊಸೆ ಸೌಮ್ಯ ಹೊತ್ತು ಗೊತ್ತುಮಾಡಿಯೂ ಆಗಿತ್ತು.

"ಇಷ್ಟು ಚಿಕ್ಕ ಮಗೂಗೆ ಕೆಮಿಕಲ್ ಹಾಕಿಸ್ತೀಯೇನೇ?" ಎಂದು ವಿಜಯಲಕ್ಷ್ಮಿ ರೇಗಿದರು.

"ಅವಳೇ ಪ್ರಾಣ ತಿಂತಿದಾಳೆ ಅತ್ತೆ. ಫೋಟೋದಲ್ಲಿರೋ ಅಜ್ಜಿ ಥರಾನೇ ಆಗ್ಬೇಕಂತೆ. ನಾನೇನ್ ಮಾಡ್ಲಿ?"

ವಿಜಯಲಕ್ಷ್ಮಿಯವರಿಗೆ ಬಿಸಿತುಪ್ಪ ಬಾಯಿಗೆ ಹಾಕಿಕೊಂಡಂತಾಯಿತು. ಮಗುವಿನ ಮೇಲೆ ಸಿಟ್ಟು, ಸೊಸೆಯ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚು ಸಿಟ್ಟು ತಮ್ಮ ಮೇಲೆಯೇ.

ಗುರುವಾರ ಸಂಜೆ ಮಹಡಿಯ ರೂಮಿನ ಬಾಡಿಗೆ ಹುಡುಗಿ ವಂಜಿರು, ನಲ್ಲಿಯಲ್ಲಿ ನೀರು ಬರುತ್ತಿಲ್ಲ, ಮೋಟರ್ ಹಾಕಿ ಎಂದು ಹೇಳಲು ಇಳಿದು ಬಂದಳು. ಕೀನ್ಯಾದವಳು, ಇಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ತಲೆತುಂಬ ಸಣ್ಣ ಸಣ್ಣ ಉದ್ದ ಜಡೆಗಳು. ಮೂರು ವರ್ಷದಿಂದ ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದವಳನ್ನು ಅಂದು ಮಧುಶ್ರೀ ಕೈಹಿಡಿದು ಒಳಗೆ ಎಳೆದುಕೊಂಡು ಬಂದಳು. "ಅಕ್ಕಾ, ನೋಡು, ನಾನು ಭಾನುವಾರ ಹಿಂಗಾಗ್ತೀನಿ!"

ವಂಜಿರು ಫೋಟೋ ನೋಡಿದಳು. ವಿಜಯಲಕ್ಷ್ಮಿಯವರನ್ನು ನೋಡಿದಳು. ಮತ್ತೆ ಫೋಟೋ ನೋಡಿದಳು.

"ಆಂಟಿ, ಇದು ನಿಮ್ದು ಕೂದಲು ಅಲ್ಲ."

"ಯಾರೇ ಹೇಳಿದ್ದು ನಿನಗೆ?"

"ಹುಬ್ಬು ನೋಡಿ ಆಂಟಿ, ಮೇಲೆ ಎಳೆದಿದೆ. ನಮ್ಮಮ್ಮ ಬೇರೆ ಕೂದಲು ಸೇರಿಸಿ ಟೈಟ್ ಆಗಿ ಹೆಣೀತಿದ್ರು. ನನ್ನ ಸ್ಕೂಲ್ ಫೋಟೋ ಎಲ್ಲಾ ಸೇಮ್ ಹಿಂಗೇ." ತನ್ನದೊಂದು ಜಡೆಯನ್ನು ಎತ್ತಿ ತೋರಿಸಿದಳು. "ಇದ್ರಲ್ಲೂ ಅರ್ಧ ಇಂಡಿಯಾ ಕೂದಲು. ಪ್ಯಾಕೆಟ್ ಮೇಲೆ ಬರ್ದಿತ್ತು. ನಿಮ್ ಕೂದಲು ನಮಗೆ ಬರತ್ತೆ. ನಿಮಗೆ ಯಾರ್ದು ಬಂತು ಆಂಟಿ?"

ಎಲ್ಲ ಬಿಟ್ಟು, ಇಷ್ಟು ಜನ ನೋಡಿದ ಫೋಟೋದ ಗುಟ್ಟನ್ನು ಸಮುದ್ರದಾಚೆಯವಳು ಬಂದು ಕಂಡುಹಿಡಿಯಬೇಕೆ! ವಿಜಯಲಕ್ಷ್ಮಿ ಸ್ಟೂಲು ಹಾಕಿ ಹತ್ತಿ ಫೋಟೋ ಇಳಿಸಿದರು, ಸೆರಗಿನಿಂದ ಧೂಳು ಒರೆಸಿ ಮೊಮ್ಮಗಳನ್ನು ಕೂರಿಸಿ ಅವಳ ತೊಡೆಯ ಮೇಲೆ ಇಟ್ಟರು.

"ಇದು ಚೌರಿ ಕಣೇ. ಯಾರದೋ ಕೂದಲು, ಬೀದೀಲಿ ಮಾರ್ಕೊಂಡು ಬಂದೋಳ ಹತ್ರ ನಮ್ಮಮ್ಮ ತಗೊಂಡಿದ್ದು. ನಂದು ಆಗ ಗೇಣುದ್ದಾನೂ ಇರ್ಲಿಲ್ಲ, ಪೂರ್ತಿ ಗುಂಗುರು, ನಿಂದೇ ಥರ. ಅದಕ್ಕೇ ಬಿಗಿದು ಕಟ್ಟಿದ್ರು. ನಾನು ಇಷ್ಟು ವರ್ಷ ಎಲ್ಲರಿಗೂ ಸುಳ್ಳು ಹೇಳ್ದೆ, ನಿನಗೂ ಹೇಳ್ದೆ."

ಅಡುಗೆಮನೆಯಿಂದ ಸೌಮ್ಯ ಬಂದು ಬಾಗಿಲಲ್ಲಿ ನಿಂತಿದ್ದಳು. ಮಧುಶ್ರೀ ಫೋಟೋದ ಹುಬ್ಬಿನ ಮೇಲೆ ಬೆರಳಿಟ್ಟಳು.

"ನೋವಾಯ್ತಾ ಅಜ್ಜಿ?"

ಯಾವ ಎಣ್ಣೆ ಎಂದು ಕೇಳಿದ್ದರು, ಎಷ್ಟುದ್ದ ಎಂದು ಕೇಳಿದ್ದರು, ಯಾಕೆ ಹೀಗೆ ಎಂದು ಊರೆಲ್ಲ ಕೇಳಿತ್ತು. ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ.

"ಹೂಂ ಪುಟ್ಟಿ, ತುಂಬಾ" ಎಂದರು. ಆ ಫೋಟೋದ ವಿಷಯದಲ್ಲಿ ಅವರು ಹೇಳಿದ ಮೊದಲ ನಿಜವಾದ "ಹೂಂ" ಅದು.

ಮಧುಶ್ರೀ ತಾಯಿಯ ಕಡೆ ತಿರುಗಿದಳು. "ಅಮ್ಮಾ, ಪಾರ್ಲರ್ ಬೇಡ. ನನ್ನ ಜಡೆ ಎಷ್ಟಿದ್ಯೋ ಅಷ್ಟಕ್ಕೇ ಮೊಗ್ಗು ಹಾಕ್ಸು."