ಗುತ್ತಿಗೆ ತೋಟದ ತೋತಾಪುರಿ

ಮನುಷ್ಯ ಎಷ್ಟೇ ದೊಡ್ಡವನಾಗಲಿ, ಅವನೊಳಗೆ ಒಂದು ಮಗು ಕೊನೆಯವರೆಗೂ ಉಳಿದಿರುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಇರಬಹುದು. ನಮ್ಮಣ್ಣನ ಒಳಗೆ ಉಳಿದಿರುವುದು ಮಾತ್ರ ಮಗುವಲ್ಲ, ನಾಲ್ಕನೇ ಕ್ಲಾಸಿನ ಪೋಕರಿ.

ಅಣ್ಣ ಹೈಸ್ಕೂಲು ಮೇಷ್ಟ್ರಾಗಿದ್ದು ನಿವೃತ್ತನಾದವನು. ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಅವನು ಕಂಡರೆ ತಲೆ ನರೆತ ಶಿಷ್ಯರು ಇಂದಿಗೂ ಬೀಡಿ ಬಿಸಾಡುತ್ತಾರೆ. ಕೋಲಾರದಲ್ಲಿ ಕೆಲಸ ಮಾಡುವ ನಾನು ಭಾನುವಾರಕ್ಕೆ ಊರಿಗೆ ಹೋಗುತ್ತೇನೆ.

ನಮ್ಮ ಕಡೆ ಮಾವಿನ ತೋಟವನ್ನು ಹೂ ಬಿಟ್ಟಾಗಲೇ ಗುತ್ತಿಗೆಗೆ ಕೊಡುವುದು ರೂಢಿ. ಆಮೇಲೆ ಕೊಯ್ಲು ಮುಗಿಯುವವರೆಗೆ ಮರ ನಮ್ಮದು, ಕಾಯಿ ಅವರದು. ಮನೆಗೆಂದು ಒಂದು ಮರ ಬಿಟ್ಟುಕೊಳ್ಳುವುದುಂಟು. ಕಳೆದ ವರ್ಷ ಆ ಮರ ಚಿಗುರಿತೇ ಹೊರತು ಕಾಯಿ ಬಿಡಲಿಲ್ಲ.

ಗುತ್ತಿಗೆದಾರ ಮುಳಬಾಗಿಲಿನ ಕಡೆಯವನು. ಅವನ ಆಳುಗಳು ಪ್ರತಿ ವರ್ಷ ಕಾಯಿ ಇಳಿಸುವಾಗ ಕೊಂಬೆ ಮುರಿಯುತ್ತಾರೆಂದು ಅಣ್ಣನಿಗೆ ಸಂಕಟ. ಮುಂದಿನ ವರ್ಷ ತೋಟವನ್ನು ಬೇರೆಯವನಿಗೆ ಕೊಡುವುದೆಂದು ಮಾತೂ ಆಡಿಟ್ಟಿದ್ದ. ಅಷ್ಟರಲ್ಲಿ ಗುತ್ತಿಗೆದಾರ ಟೀ ಅಂಗಡಿಯಲ್ಲಿ ನಾಲ್ಕು ಜನರೆದುರು, "ರಸ್ತೆ ಕಡೆ ಮರದಾಗೆ ಕಾಯಿ ಹೋಗ್ತಾ ಐತೆ. ಮನೆಯೋರ ಕೈ ಏನಾದ್ರೂ ಇರ್ಬೋದಾ ಅಂತ" ಎಂದುಬಿಟ್ಟ. ಅಣ್ಣನಿಗೆ ರೇಗಿತು.

"ನಮ್ಮ ಮನೇರು ಒಂದ್ ಕಾಯಿ ಮುಟ್ಟಿದ್ದು ಕಣ್ಣಾರೆ ನೋಡಿ ಹೇಳು. ಮುಂದಿನ್ ವರ್ಷಾನೂ ತೋಟ ನಿಂದೇ."

ಟೀ ಅಂಗಡಿಯಲ್ಲಿ ಆಡಿದ ಮಾತನ್ನು ನಮ್ಮೂರಿನಲ್ಲಿ ನೋಂದಣಿ ಮಾಡಿಸಬೇಕಾಗಿಲ್ಲ.

ಕೊಯ್ಲಿಗೆ ಇನ್ನೇನು ಒಂದು ವಾರ ಇತ್ತು. ಭಾನುವಾರ ಊಟವಾದ ಮೇಲೆ ಅಣ್ಣ ಅಂಗಿಯ ಜೇಬಿಗೆ ಏನನ್ನೋ ಇಳಿಸಿಕೊಂಡು, "ಬಾರಲೇ, ತೋಟದ ಕಡೆ ಹೋಗ್ಬರಣ" ಎಂದ.

ಒಳಗಿನಿಂದ ಅತ್ತಿಗೆಯ ದನಿ ಬಂತು. "ಉಪ್ಪು, ಖಾರದ ಪುಡಿ ಎಲ್ಲಿಗ್ ಹೊರಟ್ವು? ಸಂತೇಲಿ ತಂದ ಕಾಯಿ ಇಲ್ಲೇ ಬಿದ್ದೈತಲ್ಲ."

"ಅದು ಅಂಗಡಿ ಕಾಯಿ ಕಣೇ" ಎಂದ ಅಣ್ಣ, ಕಾನೂನು ವಿವರಿಸುವವನ ಹಾಗೆ.

ತೋಟದ ಶೆಡ್ಡಿನ ಮುಂದೆ ಗುತ್ತಿಗೆದಾರನ ಬೈಕು ಇರಲಿಲ್ಲ. ಮಾವಿನ ಮಂಡಿಗೆ ಹೋಗಿದ್ದಾನೆಂದು ಅಣ್ಣ ತೀರ್ಮಾನಿಸಿ ಪಂಚೆ ಎತ್ತಿ ಕಟ್ಟಿದ. ತೋತಾಪುರಿ ಕೈಗೆಟುಕುವಷ್ಟು ತಗ್ಗಿನಲ್ಲೇ ಜೋತುಬಿದ್ದಿತ್ತು. ಅವನು ಅದರತ್ತ ನೋಡದೆ ಕಲ್ಲು ಹುಡುಕತೊಡಗಿದ.

"ಇಲ್ಲೇ ಐತಲ್ಲಣ್ಣ, ಕಿತ್ಕೋ."

"ಕಿತ್ತು ತಿಂದ್ರೆ ರುಚಿ ಇರಲ್ಲ, ಸುಮ್ನಿರಲೇ."

"ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದೀಯ."

"ನಾನೆಲ್ಲಿ ಮುಟ್ತೀನಿ? ಮುಟ್ಟೋದು ಕಲ್ಲು."

ಮೊದಲ ಕಲ್ಲು ಎಲೆಗಳ ನಡುವೆ ಹಾದುಹೋಯಿತು. ಅಣ್ಣ ಹೆಗಲು ನೀವಿಕೊಂಡು ಇನ್ನೊಂದನ್ನು ಬೀಸಿದ. ಕಾಯಿ ಬಿತ್ತು. ಕಲ್ಲು ಅಲ್ಲಿಗೆ ತೃಪ್ತಿಪಡದೆ ಮುಂದೆ ಹೋಗಿ ಶೆಡ್ಡಿನ ತಗಡಿಗೆ ಬಡಿಯಿತು.

ಒಳಗೆ ಮಲಗಿದ್ದ ಗುತ್ತಿಗೆದಾರ ಎದ್ದು ಹೊರಗೆ ಬಂದ. ಬೈಕನ್ನು ಅವನ ಭಾವಮೈದ ತೆಗೆದುಕೊಂಡು ಹೋಗಿದ್ದನಂತೆ. ಅಣ್ಣನ ಒಂದು ಕೈಯಲ್ಲಿ ಕಾಯಿ, ಇನ್ನೊಂದರಲ್ಲಿ ಉಪ್ಪುಖಾರದ ಪೊಟ್ಟಣ. ಓಡಲು ಒಂದು ಹೆಜ್ಜೆ ಇಟ್ಟಿದ್ದ, ಮೊಣಕಾಲು ಸಹಕರಿಸಲಿಲ್ಲ.

"ಏಮಿ ಮೇಷ್ಟ್ರೇ, ನಾನು ಕೋತಿ ಬಂತೇನೋ ಅಂದ್ಕೊಂಡೆ" ಎಂದ ಗುತ್ತಿಗೆದಾರ.

ಅಣ್ಣ ನನ್ನ ಕಡೆ ಬೆರಳು ತೋರಿಸಿದ. "ಇವನಿಗೇ ಬೇಕಾಗಿತ್ತು."

ಕಚೇರಿಯಲ್ಲಿ ಹತ್ತು ಜನರ ಮೇಲೆ ಅಧಿಕಾರ ನಡೆಸುವ ನಾನು, "ಸುಳ್ಳು, ನಾನು ಬೇಡ ಅಂದೆ" ಎಂದೆ.

ಅವನು ನಮ್ಮಿಬ್ಬರನ್ನೂ ನಿಧಾನವಾಗಿ ನೋಡಿದ. "ಯಾರಿಗ್ ಬೇಕಾದ್ರೇನು, ಇಬ್ರೂ ಒಂದೇ ಮನೇರಲ್ವಾ. ಬನ್ನಿ, ಚಾಕು ಐತೆ."

ಶೆಡ್ಡಿನ ನೆರಳಿನಲ್ಲಿ ಕೂತು ಮೂವರೂ ಆ ಕಾಯಿ ತಿಂದೆವು. ದೊಡ್ಡ ಹೋಳನ್ನು ಅಣ್ಣನೇ ಇಟ್ಟುಕೊಂಡ. ನಡುವೆ, ಇನ್ನು ಮೇಲೆ ಕೊಂಬೆ ಮುರಿಯಕೂಡದು ಎಂದು ಷರತ್ತು ಹಾಕಲು ನೋಡಿದ. ಗುತ್ತಿಗೆದಾರ ಅಗಿಯುತ್ತಲೇ ಇದ್ದ.

ಈ ವರ್ಷ ಹೂ ಬಿಟ್ಟಾಗ ತೋಟವನ್ನು ಅವನಿಗೇ ಕೊಟ್ಟೆವು.