ಮುಖದ ಮೇಲೆ ಜಾಯಿಂಟು ಬೀಳಬಾರದು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅರ್ಧ ಎತ್ತಿದ ಷಟರಿನಡಿ ಬಗ್ಗಿ ಒಳಹೋದರೆ ಇಂಕಿನ ಘಾಟು ಮೂಗಿಗೆ ಬಡಿಯುತ್ತದೆ. ಕೋಣೆಯ ಉದ್ದಕ್ಕೂ ಚಾಚಿಕೊಂಡ ಪ್ರಿಂಟರಿನ ಮುಂದೆ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ನಿಂತಿದ್ದಾರೆ. ಹಿಂದಿನ ಕಂಬಿಗೆ ಏರಿಸಿದ ರೋಲಿನಿಂದ ಗೋಡೆಗೆ ಅಂಟಿಸುವ ವಿನೈಲ್ ಹಾಳೆಯನ್ನು ಒಂದು ಮಾರು ಮುಂದಕ್ಕೆಳೆದು, ಎರಡೂ ಅಂಚುಗಳ ಮೇಲೆ ಅಂಗೈ ಊರಿ ಕಣ್ಣು ಮುಚ್ಚುತ್ತಾರೆ. ಎಡಕ್ಕೆ ಬಿಗಿ, ಬಲಕ್ಕೆ ಸಡಿಲ. ತಲೆಯಾಡಿಸಿ, ಹಾಳೆಯನ್ನು ಹಿಂದಕ್ಕೆ ಸುತ್ತಿ ಮತ್ತೆ ಎಳೆಯುತ್ತಾರೆ.

“ಈಗ ಕೂದಲೆಳೆಯಷ್ಟು ಓರೆ ಇದ್ರೆ, ಹತ್ತಡಿ ಹೋಗೋಷ್ಟರಲ್ಲಿ ಬೆರಳಗಲ ಆಗಿರುತ್ತೆ. ಆಮೇಲೆ ಬಾಯಿ ಬಡ್ಕೊಂಡ್ರೆ ಏನು ಬಂತು?”

ಬೀದಿಯವರಿಗೆಲ್ಲ ಇವರು ರೋಲಕ್ಕ. ದಿನಕ್ಕೆ ಸಾವಿರ ಚದರಡಿಯಷ್ಟು ಬಣ್ಣ ಇವರ ಕೈ ದಾಟಿ ಗೋಡೆ ಹತ್ತುತ್ತದೆ. ಯಾವುದರ ಮೂಲೆಯಲ್ಲೂ ಇವರ ಹೆಸರಿರುವುದಿಲ್ಲ.

ಗಂಡ ತೀರಿಕೊಂಡ ವರ್ಷ ಕಸ ಗುಡಿಸಲೆಂದು ಇಲ್ಲಿಗೆ ಬಂದವರು. ಮಗಳು ಆಗ ಇನ್ನೂ ಅಂಬೆಗಾಲಿಕ್ಕುತ್ತಿದ್ದಳು. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿದ್ದ ಅತ್ತೆ, ರಾತ್ರಿ ಪಾಳಿ ಕೇಳಿ ಪಡೆದು, ಹಗಲೆಲ್ಲ ಮೊಮ್ಮಗಳನ್ನು ನೋಡಿಕೊಂಡರು. “ಅವ್ರು ನಿದ್ದೆ ಮಾಡಿದ್ದು ಯಾವಾಗ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ.” ಸೊಸೆ ಗುಡಿಸುತ್ತ ನೋಡಿ ಕಲಿತರು, ಕಲಿಯುತ್ತ ಕೆಡಿಸಿದರು. ಹಾಳೆಯ ಅಂಚು ಮೇಲೆದ್ದು, ಇಂಕು ಚಿಮ್ಮುತ್ತ ಓಡಾಡುವ ಹೆಡ್ಡಿಗೆ ತಾಗಿ ಇಡೀ ಚಿತ್ರ ಕೆರೆದುಹೋದ ದಿನ ಮೂಲೆಯಲ್ಲಿ ಕೂತು ಅತ್ತದ್ದೂ ಉಂಟು.

ಅವರದೊಂದು ಹಟವಿದೆ. ರೋಲಿನ ಅಗಲ ಐದಡಿ. ಅದಕ್ಕಿಂತ ದೊಡ್ಡ ಚಿತ್ರವನ್ನು ಪಟ್ಟಿಗಳಾಗಿ ಪ್ರಿಂಟು ಮಾಡಿ ಗೋಡೆಯ ಮೇಲೆ ಜೋಡಿಸಬೇಕು. ಆ ಜಾಯಿಂಟು ಯಾರ ಮುಖದ ಮೇಲೂ ಬೀಳಕೂಡದು. ಕಂಪ್ಯೂಟರು ಸಮನಾಗಿ ಹಂಚಿಕೊಟ್ಟ ಗೆರೆಯನ್ನು ಇವರು ಆಚೀಚೆ ಸರಿಸಿ ಮರಕ್ಕೋ ಕಂಬಕ್ಕೋ ತಗುಲಿಸುತ್ತಾರೆ.

ಇಂದಿನ ಕೆಲಸ ಅತ್ತೆ ದುಡಿದ ಆಸ್ಪತ್ರೆಯದೇ. ಸಿಬ್ಬಂದಿಯ ಫೋಟೊ, ಹದಿನಾರಡಿ ಅಗಲ. ಮುಂದೆ ಕುರ್ಚಿಗಳಲ್ಲಿ ವೈದ್ಯರು. ಹಿಂದೆ ಸಮವಸ್ತ್ರದ ಅಂಗಿ ತೊಟ್ಟು ಭುಜಕ್ಕೆ ಭುಜ ತಾಗಿಸಿ ನಿಂತವರ ನಡುವೆ, ಹೋದ ತಿಂಗಳಷ್ಟೇ ನಿವೃತ್ತರಾದ ಅತ್ತೆ. ಸಂಜೆ ಗೋಡೆಗೆ ಅಂಟಿಸುವಾಗ ನೋಡಲು ಬರುತ್ತೇನೆಂದಿದ್ದಾರೆ. ಪಟ್ಟಿಗಳನ್ನು ನಿಲುವಾಗಿ ಕತ್ತರಿಸಿದರೆ ಕೊನೆಯ ಜಾಯಿಂಟು ನೇರ ಅವರ ಮೂಗಿನ ಮೇಲೆ. ಸರಿಸಿದರೆ ಪಕ್ಕದವರ ಕಣ್ಣು.

“ದೊಡ್ಡ ಡಾಕ್ಟ್ರ ಮುಖ ಉಳಿದ್ರೆ ಸಾಕಮ್ಮ,” ಎನ್ನುತ್ತಾರೆ ಅಂಗಡಿಯ ಯಜಮಾನರು. “ಹಿಂದಿನ ಸಾಲು ಯಾರು ನೋಡ್ತಾರೆ?”

“ಹಿಂದಿನ ಸಾಲಿನೋರು ನೋಡ್ತಾರಲ್ಲ ಸಾರ್.”

ರೋಲಕ್ಕ ಪಟ್ಟಿಗಳನ್ನು ಅಡ್ಡ ಮಲಗಿಸುತ್ತಾರೆ. ಹದಿನಾರಡಿ ಉದ್ದದ ಎರಡೇ ಪಟ್ಟಿ. ಗೆರೆ ಕುಳಿತವರ ತಲೆಯ ಮೇಲಿಂದ, ನಿಂತವರ ಎದೆಗೆ ಅಡ್ಡಲಾಗಿ ಹಾದುಹೋಗುತ್ತದೆ. ಮುಖಗಳೆಲ್ಲ ಕ್ಷೇಮ. ಆದರೆ ಇಷ್ಟುದ್ದ ಓಡುವಾಗ ಒಂದು ಪಟ್ಟಿ ತುಸು ಹಿಗ್ಗಿದರೂ ತಲೆಯೊಂದು ಕಡೆ, ಮೈಯೊಂದು ಕಡೆ.

“ಒಬ್ರ ತಲೆ ಇನ್ನೊಬ್ರ ಮೈಮೇಲೆ ಕೂತ್ರೆ?”

“ಕೂರಲ್ಲ ಸಾರ್. ಕೂತ್ರೆ ನನ್ನ ತಲೆ ತಗೊಳ್ಳಿ.”

“ನಂದೇ ನಂಗೆ ಭಾರ, ನಿಂದು ತಗೊಂಡು ಎಲ್ಲಿಡ್ಲಿ?” ಯಜಮಾನರು ಗೊಣಗುತ್ತಲೇ ಒಪ್ಪುತ್ತಾರೆ.

ಎರಡು ಪಟ್ಟಿಗೂ ಒಂದೇ ರೋಲು, ಇಂಕು ಒಣಗಿಸಲು ಒಂದೇ ಬಿಸಿ, ಒಂದೇ ಬಿಗಿ. ಎರಡನ್ನೂ ಚಿತ್ರದ ಎಡತುದಿಯಿಂದಲೇ ಶುರು ಮಾಡುತ್ತಾರೆ. ಯಂತ್ರ ಓಡುವಷ್ಟು ಹೊತ್ತೂ ಅವರು ಕುರ್ಚಿಗೆ ಬೆನ್ನು ಕೊಡುವುದಿಲ್ಲ. ತಂದಿಟ್ಟ ಚಹಾದ ಮೇಲೆ ಕೆನೆ ಕಟ್ಟುತ್ತದೆ. ಕೊನೆಗೆ ಪಟ್ಟಿಗಳನ್ನು ನೆಲದ ಮೇಲೆ ಹಾಸಿ, ಮಂಡಿಯೂರಿ, ಒಬ್ಬೊಬ್ಬರ ಅಂಗಿಯ ಅಂಚನ್ನೂ ಕೂಡಿಸಿ ನೋಡುತ್ತ ಈ ತುದಿಯಿಂದ ಆ ತುದಿಗೆ ಹೋಗುತ್ತಾರೆ. ಅತ್ತೆಯ ಹತ್ತಿರ ಬಂದಾಗ ಮಾತ್ರ ತುಸು ಹೆಚ್ಚು ಹೊತ್ತು ನಿಲ್ಲುತ್ತಾರೆ.

ಸಂಜೆ ಆಸ್ಪತ್ರೆಯ ಬಾಗಿಲ ಪಕ್ಕ, ಚಿತ್ರ ಅಂಟಿಸಿದ ಗೋಡೆಯ ಮುಂದೆ ಅತ್ತೆ ಕನ್ನಡಕ ಒರೆಸಿಕೊಳ್ಳುತ್ತಾರೆ.

“ಜಾಯಿಂಟು ಎಲ್ಲಿದೆಯೇ?”

“ನಿಮ್ಮ ಎರಡನೇ ಗುಂಡಿ ಕೆಳಗೆ. ಹುಡುಕಿ ನೋಡೋಣ.”

ಅತ್ತೆ ಗೋಡೆಯ ಮೇಲಿನ ತಮ್ಮ ಅಂಗಿಯನ್ನು ಬೆರಳಿನಿಂದ ಸವರುತ್ತಾರೆ. ಗೆರೆ ಸಿಗುವುದಿಲ್ಲ. ಹಿಂದೆ ಸರಿದು, ಎಷ್ಟೋ ಹೊತ್ತು ತಮ್ಮನ್ನೇ ನೋಡಿಕೊಳ್ಳುತ್ತಾರೆ.

“ಮೂಗು ಒಂಚೂರು ಸಣ್ಣ ಮಾಡಬಹುದಿತ್ತು ಕಣೇ.”

“ಅದು ನನ್ನ ಕೆಲಸ ಅಲ್ಲ ಅತ್ತೆ,” ಸೊಸೆ ಕೈಯ ಇಂಕು ಒರೆಸಿಕೊಳ್ಳುತ್ತ ನಗುತ್ತಾರೆ. “ಬಂದ ಮುಖಾನ ಒಡೀದೆ ಗೋಡೆವರೆಗೂ ತಲುಪಿಸೋದು, ಅಷ್ಟೇ.”